ಯಾರೂ ತೆಗೆಯದ ನೂರಾ ಮೂವತ್ತೆರಡು

"ತೊಂಬತ್ತೆಂಟು," ಎಂದ ಕೃಷ್ಣಕುಮಾರ್, ಮೊಬೈಲಿನ ಮೇಲೆ ಬೆರಳಾಡಿಸುತ್ತ. "ಹುಡುಗಿ ಹೆಸರು ಕವನ ತಾನೇ? ಇಲ್ಲೇ ಇದೆ ನೋಡಿ. ಈ ಮಾರ್ಕ್ಸಿಗೆ ಎಂ.ಎಸ್ಸಿ. ಸೀಟಿರಲಿ, ಅರ್ಜೀನೂ ಮುಟ್ಟಲ್ಲ ಅಕ್ಕಾ."

‘ನೋಡಿ’ ಎಂದನೇ ಹೊರತು ಮೊಬೈಲನ್ನು ತನ್ನ ಎದೆಯ ಕಡೆಗೇ ತಿರುಗಿಸಿಕೊಂಡಿದ್ದ.

ಸುನೀತಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಮಗಳಿಲ್ಲ. ಕವನ ಎಂಬ ಕೂಸು ಹುಟ್ಟಿದ್ದೇ ಆ ಬೆಳಿಗ್ಗೆ, ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಸ್ಕೂಟರಿನಲ್ಲಿ ಬರುವ ದಾರಿಯಲ್ಲಿ, ಹೆಲ್ಮೆಟ್ಟಿನೊಳಗೆ. ತೊಂಬತ್ತೆಂಟು ಎಂಬ ಅಂಕವನ್ನೂ ಅವಳೇ ಈಗಷ್ಟೇ ಅವನ ಕಿವಿಗೆ ಹಾಕಿದ್ದಳು. ಅದನ್ನೇ ಅವನು ಮೊಬೈಲಿನೊಳಗಿಂದ ಹೆಕ್ಕಿ ತೆಗೆದವನಂತೆ ವಾಪಸು ಕೊಟ್ಟಿದ್ದ.

"ಏನಾದ್ರೂ ಮಾಡಿ ಅಣ್ಣಾ. ಮೂಗೂರಿಂದ ನಿಮ್ಮನ್ನೇ ಹುಡುಕ್ಕೊಂಡು ಬಂದಿದೀನಿ."

"ಮಾಡೋಣ. ಪರೀಕ್ಷೆ ಬರ್ಯೋದು ಮಕ್ಕಳ ಕೆಲಸ. ಮಾರ್ಕ್ಸು ಬರಿಸೋದು ನಮ್ಮ ಕೆಲಸ."

ಅವತ್ತು ಕಲ್ಯಾಣ ಮಂಟಪದಲ್ಲಿದ್ದದ್ದು ಮದುವೆಯಲ್ಲ, ಕೋಚಿಂಗ್ ಸೆಂಟರೊಂದರ ಸನ್ಮಾನ ಸಮಾರಂಭ. ಕೆಳಗಿನ ಊಟದ ಹಾಲಿನಲ್ಲಿ ಇನ್ನೂ ಎಲೆ ಹಾಕಿರಲಿಲ್ಲ. ಮೇಲಿನ ಹಾಲಿನಿಂದ ಯಾರೋ ‘ಹಲೋ ಹಲೋ’ ಎಂದು ಮೈಕು ಪರೀಕ್ಷಿಸುತ್ತಿದ್ದರು. ಒಳಗಿನಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ಮೂಲೆಯ ಟೇಬಲ್ಲಿನ ಸುತ್ತ ಕೃಷ್ಣಕುಮಾರನ ದರ್ಬಾರು ನಡೆದಿತ್ತು. ನಾಲ್ಕೈದು ಮಂದಿ ತಂದೆತಾಯಂದಿರು ಕುರ್ಚಿ ಎಳೆದುಕೊಂಡು, ಅವನ ಬಾಯಿಂದ ಮುತ್ತು ಉದುರುತ್ತದೇನೋ ಎಂದು ಕಾದು ಕೂತಿದ್ದರು.

"ನಂಬಿಕೆ ಬರ್ಲಿಲ್ವಾ ಅಕ್ಕಾ?" ಅವನು ಟೇಬಲ್ಲಿನ ಮೇಲೆ ಬಗ್ಗಿದ. "ಕವಲಂದೆ ಬಿಂದುಶ್ರೀ ಗೊತ್ತಲ್ಲ? ಮೇಲೆ ಫ್ಲೆಕ್ಸಲ್ಲಿ ನಗ್ತಾ ಇದಾಳಲ್ಲ, ಇವತ್ತಿನ ಸನ್ಮಾನ ಯಾರಿಗೋ, ಅವ್ಳೇ. ಮುನ್ನೂರಕ್ಕೆ ಇನ್ನೂರಾ ನಲವತ್ತೊಂದು ಅಂತ ಹಾಕವ್ರೆ. ಮೊದ್ಲು ಎಷ್ಟಿತ್ತು ಗೊತ್ತಾ? ನೂರಾ ಮೂವತ್ತೆರಡು! ಕಂಪ್ಯೂಟ್ರಲ್ಲಿ ಕಣ್ಣಾರೆ ನೋಡಿದವನು ನಾನು. ಅದನ್ನ ಎತ್ತಿ ಎಲ್ಲಿಗೆ ಕೂರಿಸಿದೆ ನೋಡಿ."

ಸುನೀತಾಳ ಸೆರಗು ಕಣ್ಣಿನ ಬಳಿಯೇ ನಿಂತಿತು.

ಅವನು ಬಡಾಯಿ ಕೊಚ್ಚುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಕೇಳಿಸಿಕೊಳ್ಳಲೆಂದೇ ಬಂದಿದ್ದಳು. ಆದರೆ ಸುಮ್ಮನೆ ಸುಳ್ಳು ಹೇಳುವವನು ನೂರು ಅನ್ನುತ್ತಾನೆ, ಹೆಚ್ಚೆಂದರೆ ನೂರೈವತ್ತು ಅನ್ನುತ್ತಾನೆ. ನೂರಾ ಮೂವತ್ತೆರಡು ಅನ್ನಬೇಕಾದರೆ, ಅದನ್ನು ಯಾರೋ ಇವನ ಕಿವಿಗೆ ಹಾಕಿರಬೇಕು. ಈಗ ತಾನು ತೊಂಬತ್ತೆಂಟು ಹಾಕಿದ ಹಾಗೆ.

ಹಾಕಿದವರು ಯಾರು?

ಪೊಲೀಸ್ ಇಲಾಖೆಯ ಕೆಲಸ ಬಿಟ್ಟು, ನಂಜನಗೂಡಿನಲ್ಲಿ ಮೆಡಿಕಲ್ ಸ್ಟೋರಿನ ಮೇಲಿನ ಒಂದು ಕೋಣೆಯಲ್ಲಿ ಪತ್ತೇದಾರಿ ಕಚೇರಿ ತೆರೆದ ಮೇಲೆ ಸುನೀತಾಳ ಮುಂದೆ ಬಂದ ಗಿರಾಕಿಗಳಲ್ಲೆಲ್ಲ ಬಿಂದುಶ್ರೀಯೇ ಚಿಕ್ಕವಳು. ಅತ್ತುಕೊಂಡು ಬರಲಿಲ್ಲ, ಸಿಟ್ಟಾಗಿ ಬಂದಿದ್ದಳು. ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಬಂದ ಮಾರ್ಕ್ಸು ಕೊಂಡದ್ದು ಎಂಬ ಗುಸುಗುಸು ಎರಡೂ ತಾಲ್ಲೂಕಿನಲ್ಲಿ ಹಬ್ಬಿತ್ತು. ಆ ಕೇರಿಯ ಹುಡುಗಿಗೆ ಇಷ್ಟು ಮಾರ್ಕ್ಸು ಬರಲು ಸಾಧ್ಯವೇ ಎಂದು ಮೊದಲೇ ಹೊಟ್ಟೆ ಉರಿದುಕೊಂಡಿದ್ದವರು ಅದನ್ನು ಕೈಯಿಂದ ಕೈಗೆ ದಾಟಿಸಿದ್ದರು. ಗುಸುಗುಸು ಬೆಂಗಳೂರಿಗೂ ಮುಟ್ಟಿ, ಸೀಟು ಕೊಟ್ಟ ಸಂಶೋಧನಾ ಸಂಸ್ಥೆಯಿಂದ ಫೋನು ಬಂದಿತ್ತು: ಸೋಮವಾರ ಡಿಗ್ರಿಯ ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳ ಸಮೇತ ಬಂದು ವಿವರಣೆ ಕೊಡಬೇಕು, ಒಪ್ಪಿಗೆಯಾದರೆ ಅಂದೇ ಅಡ್ಮಿಶನ್, ಇಲ್ಲದಿದ್ದರೆ ಸೀಟು ಮುಂದಿನವರಿಗೆ.

ಇವತ್ತು ಶನಿವಾರ.

"ಒಂದು ನಿಮಿಷ ಅಣ್ಣಾ, ನಮ್ಮೋರಿಗೆ ಫೋನ್ ಮಾಡಿ ಬರ್ತೀನಿ," ಎಂದು ಸುನೀತಾ ಎದ್ದಳು.

*

ವಧುವಿನ ಕೋಣೆಯಲ್ಲಿ ಬಿಂದುಶ್ರೀ ಕನ್ನಡಿಗೆ ಬೆನ್ನು ಹಾಕಿ ಕೂತಿದ್ದಳು. ಅವಳ ತಾಯಿ ಮಹದೇವಮ್ಮ ಮಲ್ಲಿಗೆ ದಂಡೆ ಹಿಡಿದು, ಮಗಳ ತಲೆ ತನ್ನ ಕಡೆ ತಿರುಗುವುದನ್ನೇ ಕಾಯುತ್ತಿದ್ದಳು. ತಂದೆ ರಾಜೇಂದ್ರ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಕಾರ್ಖಾನೆಯಲ್ಲಿ ಮೂಟೆ ಹೊರುವ ಗಟ್ಟಿ ಆಳು. ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ ಮನುಷ್ಯ ಫ್ಲೆಕ್ಸ್ ಬಿದ್ದ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ ಎಂದು ಮಹದೇವಮ್ಮ ಹಿಂದೆಯೇ ಹೇಳಿದ್ದಳು.

"ನಾನು ಆ ಸ್ಟೇಜ್ ಹತ್ತಲ್ಲ ಮೇಡಂ," ಎಂದಳು ಬಿಂದುಶ್ರೀ. "ಸೋಮಶೇಖರ್ ಸಾರ್ ಕೋಚಿಂಗ್ ಸೆಂಟರಿನ ಮೆಟ್ಲೂ ತುಳಿದವಳಲ್ಲ ನಾನು. ನನ್ನ ಕೇಳ್ದೆ ಫೋಟೋ ಹಾಕ್ಕೊಂಡು, ನಮ್ಮ ವಿದ್ಯಾರ್ಥಿನಿ ಅಂತಾರೆ. ಕೆಳಗಡೆ ಅವನು ಮಾರ್ಕ್ಸ್ ನಾನೇ ಕೊಡ್ಸಿದ್ದು ಅಂತಾನೆ. ಹಂಗಾದ್ರೆ ನಾನೇನು ಮಾಡ್ದೆ? ಸುಮ್ನೆ ಹೋಗಿ ಕೂತು ಬಂದ್ನಾ?"

"ಹತ್ತುವಿಯಂತೆ. ಹತ್ತಿ ಇದನ್ನೇ ಹೇಳುವಿಯಂತೆ. ಮೊದಲು ಕೆಳಗಿನವನ ಬಾಯಿ ಮುಚ್ಚಿಸೋಣ," ಎಂದಳು ಸುನೀತಾ. "ನೂರಾ ಮೂವತ್ತೆರಡು. ಈ ಅಂಕ ಎಲ್ಲಾದ್ರೂ ಕೇಳಿದೀಯಾ?"

"ಇಲ್ಲ. ಪರೀಕ್ಷೆ ದಿನ ಸಾಯಂಕಾಲ ಉತ್ತರ ತಾಳೆ ನೋಡಿದಾಗ್ಲೂ ಇನ್ನೂರಾ ನಲವತ್ತೊಂದು. ರಿಸಲ್ಟ್ ಬಂದಾಗ್ಲೂ ಅಷ್ಟೇ."

ಮಹದೇವಮ್ಮನ ಕೈಯಿಂದ ಮಲ್ಲಿಗೆ ದಂಡೆ ಜಾರಿತು.

ಸುನೀತಾ ಬಗ್ಗಿ ದಂಡೆ ಎತ್ತಿಕೊಟ್ಟಳು. ಆದರೆ ಕಣ್ಣು ಮಹದೇವಮ್ಮನ ಮುಖ ಬಿಟ್ಟು ಕದಲಲಿಲ್ಲ. "ಏನಮ್ಮಾ?"

"ಏನಿಲ್ಲ ಮೇಡಮ್ಮೋರೆ."

"ಏನೋ ಇದೆ."

"ಅಯ್ಯೋ, ಅದು... ಅದು ನಾನೇ ಯೋಳಿದ್ದು ಕಣವ್ವ!" ಮಹದೇವಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ದೃಷ್ಟಿ ಆಗ್ಬುಡ್ತದೆ ಅಂತ. ಒಬ್ಳೇ ಮಗ್ಳು, ಅಷ್ಟೊಂದು ಮಾರ್ಕ್ಸು. ನಿಜ ಯೋಳ್ಬುಟ್ರೆ ಉಳೀತದಾ? ಎಮ್ಮೆ ಎಷ್ಟು ಲೀಟ್ರು ಕರೀತದೆ ಅಂತ ಕೇಳುದ್ರೇ ನಾನು ಅರ್ಧಾನೇ ಯೋಳಾದು. ಮಗ್ಳದ್ದು ಪೂರ್ತಿ ಯೋಳ್ಬುಡ್ಲಾ?"

"ಅವ್ವಾ!" ಬಿಂದುಶ್ರೀ ಎದ್ದು ನಿಂತಳು. "ಯಾರ್ಯಾರಿಗೆ ಹೇಳಿದೀಯ?"

"ಡೈರಿತಾವ ಪುಟ್ಟಗೌರಮ್ಮೋರ್ಗೆ ನೂರಾ ಅತ್ತು ಅಂದೆ. ನಮ್ಮ ಮೂಗೂರು ನಾದ್ನಿಗೆ ಫೇಲು ಅಂದ್ಬುಟ್ಟೆ, ಅವ್ಳ ಕಣ್ಣು ಬಲೇ ಕೆಟ್ಟದ್ದು. ಆಮೇಕೆ ಒಂದಿನ ಜಗ್ಲಿ ಮ್ಯಾಲೆ ಕೂತಿದ್ದೆ. ಎಷ್ಟು ಬಂತು ಅಂತ ಕೇಳುದ್ರು. ಬಾಯ್ಗೆ ಏನೂ ಬರ್ಲಿಲ್ಲ. ಎದ್ರುಗೆ ಪುಟ್ಟಮಾದಮ್ಮನ ಮನೆ ಬಾಗ್ಲ ಮ್ಯಾಲೆ ಗಣತಿಯೋರು ಬಳ್ದೋಗಿರೋ ನಂಬ್ರು ಕಾಣ್ತಿತ್ತು. ಅದನ್ನೇ ಯೋಳ್ಬುಟ್ಟೆ."

ಸುನೀತಾಳಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಎಷ್ಟೋ ಸುಳ್ಳುಗಳ ಬೆನ್ನು ಹತ್ತಿದ್ದಳು. ಆದರೆ ಪತ್ತೇದಾರಿಯ ಕೈಗೆ ಇಂಥ ಉಡುಗೊರೆ ಕೊಟ್ಟ ಸುಳ್ಳು ಇದೇ ಮೊದಲು. ಕಂಪ್ಯೂಟರಿನಲ್ಲಿ ಕೃಷ್ಣಕುಮಾರ್ ಕಣ್ಣಾರೆ ನೋಡಿದ ಅಂಕ, ಪುಟ್ಟಮಾದಮ್ಮನ ಮನೆ ಬಾಗಿಲ ನಂಬರು!

"ಅದನ್ನ ಕೇಳಿದವರು ಯಾರು?"

ಮಹದೇವಮ್ಮ ಮಗಳ ಮುಖ ನೋಡಿದಳು. ಬಾಗಿಲ ಕಡೆ ನೋಡಿದಳು. ನೆಲ ನೋಡಿದಳು. "ಅವ್ರು ಅಂಥೋರಲ್ಲ, ಬುಡಿ ಮೇಡಮ್ಮೋರೆ. ಊಟಕ್ಕೆ ಎಲೆ ಆಕ್ತಾವ್ರೆ."

ಕೈಗೆ ಸಿಕ್ಕ ಎಳೆಯನ್ನು ಸುನೀತಾ ಅಲ್ಲಿಯೇ ಎಳೆಯಬೇಕಾಗಿತ್ತು. ಗೆಲುವು ಕಣ್ಣೆದುರು ಕಾಣುವಾಗ ಎಂಥವರೂ ಎಡವುತ್ತಾರೆ. ಅವಳೂ ಎಡವಿದಳು. "ಆಮೇಲೆ ಹೇಳುವಿರಂತೆ," ಎಂದು ಬಿಂದುಶ್ರೀಯ ಕಡೆ ತಿರುಗಿದಳು. "ಪುಟ್ಟಮಾದಮ್ಮನ ಮನೆಗೆ ಫೋನ್ ಮಾಡು. ಬಾಗಿಲಿನ ಒಂದು ಫೋಟೋ ಕಳಿಸೋಕೆ ಹೇಳು, ಈಗಲೇ."

*

ಮೊದಲ ಪಂಕ್ತಿ ಕೂತಿತ್ತು. ಕೃಷ್ಣಕುಮಾರ್ ಗೋಡೆಯ ಪಕ್ಕದ ಸಾಲಿನ ನಡುವೆ ಮದುಮಗನ ಗತ್ತಿನಲ್ಲಿ ಕೂತಿದ್ದ. ಅವನ ಎಡಬಲಕ್ಕೆ ಅವನ ಭಕ್ತರು. ಎದುರು ಸಾಲಿನಲ್ಲಿ ಸುನೀತಾ, ಒಂದು ಪಕ್ಕಕ್ಕೆ ಮಹದೇವಮ್ಮ, ಇನ್ನೊಂದು ಪಕ್ಕಕ್ಕೆ ಬಿಂದುಶ್ರೀ ಬಂದು ಕೂತಾಗ ಅವನ ಬಾಯಿಯ ಬೋಂಡಾ ಅರ್ಧಕ್ಕೇ ನಿಂತಿತು.

"ಇವ್ರು ನಿಮ್ಗೆ ಗೊತ್ತಾ ಅಕ್ಕಾ?"

"ನೀವು ಹೇಳಿದ್ ಮೇಲೆ ಗುರ್ತು ಮಾಡ್ಕೊಂಡೆ ಅಣ್ಣಾ," ಎಂದಳು ಸುನೀತಾ, ಪಕ್ಕದ ಪಂಕ್ತಿಗೂ ಕೇಳುವ ಹಾಗೆ. "ನನ್ನ ಮಗಳ ಭವಿಷ್ಯದ ಪ್ರಶ್ನೆ ನೋಡಿ. ಒಂದ್ಸಲ ಇವರ ಮುಂದೇನೇ ಹೇಳ್ಬಿಡಿ. ಆಗ ನಂಗೂ ಧೈರ್ಯ."

"ಇಂಥವೆಲ್ಲ ಊಟದ ಹೊತ್ತಲ್ಲಿ..."

"ಯೋಳಿ ಸಾ, ಅದ್ರಲ್ಲೇನು?" ಪಕ್ಕದಲ್ಲಿದ್ದ ಮೀಸೆಯ ರೈತ ಅಂದ. "ಬೆಳಿಗ್ಗೆಯಿಂದ ನಮ್ಗೆಲ್ಲ ಯೋಳುದ್ರಲ್ಲ."

ಹೇಳದಿದ್ದರೆ ಎಡಬಲದ ಭಕ್ತರೆಲ್ಲ ಎಲೆ ಬಿಟ್ಟು ಎದ್ದುಹೋಗುತ್ತಾರೆ. ಹೇಳಿದರೆ, ಎದುರಿಗಿರುವವಳು ಹಳ್ಳಿಯ ಹೆಂಗಸು, ಹೆದರಿ ಸುಮ್ಮನಾಗುತ್ತಾಳೆ. ಅವನ ಲೆಕ್ಕಾಚಾರ ಅವನ ಮುಖದ ಮೇಲೆಯೇ ಓದಲು ಸಿಗುತ್ತಿತ್ತು. ಕೊನೆಗೆ ಕೃಷ್ಣಕುಮಾರ್ ದನಿಯನ್ನು ಜೇನಿನಲ್ಲಿ ಅದ್ದಿದ.

"ತಾಯಿ, ನಿಮ್ಮ ಹುಡ್ಗಿಗೆ ಒಳ್ಳೇದಾಗ್ಲಿ ಅಂತ್ಲೇ ಮಾಡಿರೋದು. ಗುಟ್ಟು ನನ್ನ ಹೊಟ್ಟೇಲಿರುತ್ತೆ. ನೂರಾ ಮೂವತ್ತೆರಡು ಬಂದಿತ್ತು, ಹೌದಾ ಅಲ್ವಾ? ನಿಮ್ಮ ಮನಸ್ಸಿಗೇ ಗೊತ್ತು."

"ಎಲ್ಲಿ ನೋಡುದ್ರಪ್ಪ?" ಎಂದಳು ಮಹದೇವಮ್ಮ.

"ಕಂಪ್ಯೂಟ್ರಲ್ಲಿ. ಕಣ್ಣಾರೆ."

"ಕಂಪ್ಯೂಟ್ರಲ್ಲೆಲ್ಲದಪ್ಪ ಅದು? ಪುಟ್ಟಮಾದಮ್ಮನ ಮನೆ ಬಾಗ್ಲಲ್ಲದೆ!"

ಮಹದೇವಮ್ಮ ಎದ್ದೇ ನಿಂತಳು. ಡೈರಿಯ ಸಾಲಿನಲ್ಲಿ ನಿಂತು ದನಿ ಎತ್ತಿ ರೂಢಿಯಿದ್ದ ಗಂಟಲು, ಮೈಕೇ ಬೇಕಾಗಲಿಲ್ಲ. ಜಗಲಿಯ ಮೇಲೆ ಕೂತದ್ದು, ಎದುರು ಬಾಗಿಲು ನೋಡಿದ್ದು, ಬಾಯಿಗೆ ಬಂದದ್ದನ್ನು ಅಂದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಬಿಂದುಶ್ರೀ ಮೊಬೈಲನ್ನು ಮೀಸೆಯ ರೈತನ ಕೈಗಿಟ್ಟಳು. ನೀಲಿ ಬಣ್ಣದ ಬಾಗಿಲು, ಅದರ ಮೇಲೆ ಬಿಳಿ ಸುಣ್ಣದಲ್ಲಿ ಬಳಿದ ೧೩೨, ಪಕ್ಕದಲ್ಲಿ ಏನು ಸಮಾಚಾರವೆಂದು ತಿಳಿಯದೆ ಹಲ್ಲು ಬಿಟ್ಟು ನಿಂತ ಪುಟ್ಟಮಾದಮ್ಮ.

ಮೊಬೈಲು ಕೈಯಿಂದ ಕೈಗೆ ಹೋಯಿತು. ಮೊದಲು ಒಂದು ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲು ನಕ್ಕಿತು. ಸಾರು ಬಡಿಸುತ್ತಿದ್ದವನೂ ಬಕೆಟ್ಟು ಕೆಳಗಿಟ್ಟು ಮೊಬೈಲಿಗೆ ಇಣುಕಿದ.

"ಏನ್ ಸಾ, ಕಂಪ್ಯೂಟ್ರಿಗೂ ಬಣ್ಣ ಒಡ್ಸವ್ರಾ?" ಎಂದ ಮೀಸೆಯ ರೈತ. ಅವನ ದನಿಯಲ್ಲಿ ನಗುವಿರಲಿಲ್ಲ.

"ಹೆಂಗಸು ಸುಳ್ಳು ಹೇಳ್ತಾ ಇದಾಳೆ!" ಕೃಷ್ಣಕುಮಾರ್ ಏಳಲು ಹೋದ. "ನನ್ನತ್ರ ಎಲ್ಲಾ ಡೇಟಾ ಇದೆ. ಬೇಕಾದ್ರೆ ಇವ್ರ ಮಗಳು ಕವನಂದೂ..."

"ಕವನಂಗೆ ಎಷ್ಟು?" ಸುನೀತಾ ಅಷ್ಟಕ್ಕೇ ಕಾದಿದ್ದಳು.

"ತೊಂಬತ್ತೆಂಟು!"

"ನಂಗೆ ಮದುವೇನೇ ಆಗಿಲ್ಲವಲ್ಲ ಅಣ್ಣಾ. ಇಲ್ಲದ ಮಗಳ ಮಾರ್ಕ್ಸು ನಿಮ್ಮ ಮೊಬೈಲಿಗೆ ಎಲ್ಲಿಂದ ಬಂತು?"

ಈ ಸಲ ನಗು ಬರಲಿಲ್ಲ. ಕುರ್ಚಿಗಳು ಹಿಂದಕ್ಕೆ ಸರಿದ ಸದ್ದು ಬಂತು. ಅವನ ಭಕ್ತರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಮಕ್ಕಳ ಹೆಸರನ್ನು ಇವನ ಕಿವಿಯಲ್ಲಿ ಉಸುರಿದ ನೆನಪಿಗೆ ಕೆಲವರ ಮುಖ ಕೆಂಪಾಗಿತ್ತು.

ಆಗ ಬಿಂದುಶ್ರೀ ಮಾತಾಡಿದಳು.

"ಸಾರ್, ನನ್ನ ಪೇಪರ್ ನೀವು ನೋಡಿದೀರಲ್ಲ. ಯಾವ ಪ್ರಶ್ನೆ ಬಿಟ್ಟಿದ್ದೆ ಹೇಳಿ."

"ಅದೆಲ್ಲ... ಈಗ ನೆನಪಿರುತ್ತೇನಮ್ಮಾ?"

"ನಂಗೆ ನೆನಪಿದೆ. ಒಂದನ್ನೂ ಬಿಟ್ಟಿಲ್ಲ ನಾನು. ತಪ್ಪು ಮಾಡಿದ್ದು ಯಾವ್ಯಾವ್ದು ಅಂತಾನೂ ಗೊತ್ತು. ಒಂದನ್ನಂತೂ ಸರಿ ಬರೆದು, ಕೊನೇ ಗಳಿಗೇಲಿ ತಿದ್ದಿ ತಪ್ಪು ಮಾಡ್ದೆ. ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಆ ತಪ್ಪುಗಳೂ ನಂದೇ ಸಾರ್. ಅವನ್ನೂ ನಿಮ್ಗೆ ಕೊಡಲ್ಲ."

ಇದು ಸುನೀತಾ ಹೆಣೆದ ಬಲೆಯಲ್ಲಿ ಇಲ್ಲದೇ ಇದ್ದ ಮಾತು. ಹುಡುಗಿ ತ್ರಾಣವಿದ್ದಷ್ಟೂ ಓದಿ, ಬರೆದು, ಗೆದ್ದು, ಆಮೇಲೆ ಗೆದ್ದದ್ದು ನಾನೇ ಎಂದು ಇನ್ನೊಮ್ಮೆ ಸಾಧಿಸಬೇಕಾಗಿ ಬಂದಿತ್ತು. ಅದನ್ನೂ ಸಾಧಿಸಿದಳು.

ಮೂರನೆಯ ಸಾಲಿನಲ್ಲಿ ಲುಂಗಿ ಉಟ್ಟು, ತಲೆ ತಗ್ಗಿಸಿ ಪಾಯಸ ಹೀರುತ್ತಿದ್ದ ವ್ಯಕ್ತಿ ಕೊನೆಯ ಹನಿಯನ್ನೂ ಬಿಡದೆ ಮುಗಿಸಿ ಎದ್ದ. ಸಬ್‌ಇನ್ಸ್‌ಪೆಕ್ಟರ್ ನಿಂಗರಾಜು, ಸುನೀತಾಳ ಹಳೆಯ ಸಹೋದ್ಯೋಗಿ. ಹಿಂದಿನ ದಿನವೇ ಬಿಂದುಶ್ರೀಯ ದೂರು ಬರೆಸಿಕೊಂಡು, ಈ ಬೆಳಿಗ್ಗೆ ಇಲ್ಲಿಗೆ ಊಟಕ್ಕೆ ಬಂದಿದ್ದ.

"ಕೈ ತೊಳ್ಕೊಂಡು ಬನ್ನಿ ಕೃಷ್ಣಕುಮಾರ್," ಎಂದ ನಿಂಗರಾಜು. "ಉಳಿದ ಡೇಟಾನ ಸ್ಟೇಷನ್ನಲ್ಲಿ ನೋಡೋಣ. ಓಡ್ಬೇಡಿ, ಊಟ ಆದ್ಮೇಲೆ ಓಡೋಕೆ ನಂಗೂ ಕಷ್ಟ."

ಊಟದ ಹಾಲಿನಲ್ಲಿ ಚಪ್ಪಾಳೆ ಬಿತ್ತು. ಹೆಂಗಸರು ಎಂಜಲು ಕೈಯಲ್ಲೇ ಓಡಿಬಂದು ಬಿಂದುಶ್ರೀಯನ್ನು ಸುತ್ತುವರಿದರು. ಮುದುಕಿಯೊಬ್ಬಳು ಎರಡೂ ಕೈಯಿಂದ ನೀವಾಳಿಸಿ ನೆಟಿಗೆ ಮುರಿದಳು. ಬೆಳಿಗ್ಗೆ ಇದೇ ಹುಡುಗಿಯನ್ನು ಕಂಡು ಮುಖ ತಿರುಗಿಸಿದವರಲ್ಲಿ ಇಬ್ಬರು ಮೂವರು ಈಗ ತಮ್ಮ ಮಕ್ಕಳನ್ನು ಮುಂದಕ್ಕೆ ತಳ್ಳಿ, "ಅಕ್ಕನ್ನ ಕೇಳು, ಎಂಗೆ ಓದುದ್ರಿ ಅಂತ," ಅನ್ನುತ್ತಿದ್ದರು.

"ಅಷ್ಟು ಸುಳ್ಳು ಯೋಳ್ದಲ್ಲವ್ವಾ, ನಿಜ್ವಾಗ್ಲೂ ಎಷ್ಟು ಬಂತು ಅಂತ ಒಂದ್ಸಲ ಯೋಳು ಮತ್ತೆ," ಎಂದು ಆ ಮುದುಕಿಯೇ ಮಹದೇವಮ್ಮನನ್ನು ಕೆಣಕಿದಳು.

ಮಹದೇವಮ್ಮ ಅತ್ತಿತ್ತ ನೋಡಿದಳು. ಇಷ್ಟು ದಿನ ಹಲ್ಲು ಕಚ್ಚಿ ಒಳಗೆ ಇಟ್ಟುಕೊಂಡದ್ದು ಕಟ್ಟೆ ಒಡೆದು ಬಂತು.

"ಇನ್ನೂರಾ ನಲವತ್ತೊಂದು!" ಹಾಲಿನ ಮೂಲೆಮೂಲೆಗೂ ಕೇಳಿಸಿತು. "ನನ್ ಮಗ್ಳು ಬಿಂದುಶ್ರೀ ತಗಂಡಿರಾದು ಇನ್ನೂರಾ ನಲವತ್ತೊಂದು! ಯಾರ್ ಕಣ್ಣಾದ್ರೂ ಬೀಳ್ಲಿ, ಬುಡಿ!"

ಆ ಸಡಗರದ ನಡುವೆ ರಾಜೇಂದ್ರ ಒಬ್ಬನೇ ಎಲೆಯಲ್ಲಿ ಅನ್ನ ಹಾಗೆಯೇ ಬಿಟ್ಟು, ಕೈ ತೊಳೆಯುವ ಕಡೆಗೆ ನಡೆದದ್ದನ್ನು ಸುನೀತಾ ಕಂಡಳು. ಸಂತೋಷಕ್ಕೆ ಅಳು ಬಂದಿರಬೇಕು ಅಂದುಕೊಂಡಳು.

*

ಮೇಲಿನಿಂದ ಮೈಕಿನಲ್ಲಿ ಬಿಂದುಶ್ರೀಯ ಹೆಸರು ಕೂಗಿದರು. ಹೆಂಗಸರ ಗುಂಪು ಅವಳನ್ನು ಎತ್ತಿಕೊಂಡೇ ಹೋದ ಹಾಗೆ ಮೆಟ್ಟಿಲು ಹತ್ತಿಸಿತು. ಹೋಗುವಾಗ ಅವಳು ತಿರುಗಿ, "ಈಗ ಹೇಳ್ತೀನಿ ಮೇಡಂ, ಕೋಚಿಂಗ್ ವಿಷಯಾನೂ!" ಎಂದು ಕೂಗಿದಳು.

ಹೊರಗೆ ಜೀಪಿನ ಬಳಿ ಕೃಷ್ಣಕುಮಾರ್ ಸುನೀತಾಳನ್ನು ಕಂಡು ನಿಂತ. ಅವನ ಮುಖದಲ್ಲಿ ಸೋತವನ ಕಳೆ ಇರಬೇಕಿತ್ತು. ಇರಲಿಲ್ಲ.

"ಚೆನ್ನಾಗಿ ಆಟ ಆಡಿದ್ರಿ ಮೇಡಂ. ಒಂದೇ ಒಂದು ಪ್ರಶ್ನೆ ಬಿಟ್ರಿ ನೋಡಿ. ನಂಗೆ ಆ ನಂಬ್ರು ಹೇಳಿದ್ದು ಯಾರು ಅಂತ ಕೇಳ್ಲೇ ಇಲ್ಲ. ಕೇಳಿ, ಆಮೇಲೆ ಹಾರ ಹಾಕ್ಸಿ."

ಜೀಪು ಹೊರಟಿತು. ಸುನೀತಾ ಓಡಿ ಒಳಗೆ ಬಂದಳು. ಮಹದೇವಮ್ಮ ಕೈ ತೊಳೆಯುವ ನಲ್ಲಿಗಳ ಬಳಿ ಗಂಡನ ಪಕ್ಕ ನಿಂತಿದ್ದಳು.

"ಅಮ್ಮಾ, ಜಗಲಿ ಮೇಲೆ ಕೂತಿದ್ದಾಗ ಮಾರ್ಕ್ಸ್ ಕೇಳಿದ್ದು ಯಾರು?"

ಮಹದೇವಮ್ಮ ಗಂಡನ ಮುಖ ನೋಡಿದಳು. "ಇವ್ರೇ ಮೇಡಮ್ಮೋರೆ. ಇವ್ರ ಒಟ್ಟೇಲಿ ಮಾತು ನಿಲ್ಲಾದಿಲ್ಲ ಅಂತ ಇವ್ರ್ಗೂ ಸುಳ್ಳೇ ಯೋಳಿದ್ದೆ. ನಿಮ್ಮಪ್ಪಂಗೆ ನಾನೇ ಯೋಳ್ತೀನಿ ಅಂತ ಮಗ್ಳ ಬಾಯ್ನೂ ಮುಚ್ಚಿಸಿದ್ದೆ. ಫ್ಲೆಕ್ಸ್ ಬಂದ್ಮ್ಯಾಲೆ ಬೈತಾರೆ ಅಂತ ಎದ್ರುಕಂಡೆ. ಇವ್ರು ಏನೂ ಕೇಳ್ಲಿಲ್ಲ. ನಾನೂ ತೆಪ್ಪಗಾದೆ."

ರಾಜೇಂದ್ರನ ಕೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. "ಅಂಗಾದ್ರೆ ಅದು ಅವ್ಳೇ ತಗಂಡಿದ್ದಾ, ಮಾದೇವಿ? ಇನ್ನೂರಾ ನಲವತ್ತೊಂದೂ ಅವ್ಳೇ?"

"ಇನ್ಯಾರು ತಗತಾರೆ?"

ಆ ಮೂಟೆ ಹೊರುವ ಮನುಷ್ಯ ಗೋಡೆ ಹಿಡಿದು ನಕ್ಕ. ನಗುತ್ತಲೇ ಅತ್ತ. "ನಾನ್ ಕೊಡ್ಸಿದ್ದು ಅಂದ್ಕಂಡಿದ್ನಲ್ಲೇ! ನೂರಾ ಮೂವತ್ತೆರಡು ಸೀಟಿಗೆ ಸಾಲದು ಅಂದ್ರು ಎಲ್ರೂವೆ. ಆ ಕೃಷ್ಣಕುಮಾರ ಏರಿಸ್ಕೊಡ್ತೀನಿ ಅಂದ. ಆಮೇಲೆ ಫ್ಲೆಕ್ಸ್ ಬಿತ್ತು. ಅವನೇ ಮಾಡುಸ್ದ ಅಂದ್ಕಂಡೆ. ಮಗ್ಳ ಮೊಕ ನೋಡಕ್ಕಾಗ್ದೆ ಸಾಯ್ತಿದ್ದೆ. ನನ್ ಮಗ್ಳೇ ತಗಂಡವ್ಳೆ!"

ಸುನೀತಾಳಿಗೆ ಅವನ ಭುಜ ತಟ್ಟಬೇಕೆನಿಸಿತು. ಅದಕ್ಕಿಂತ ಮೊದಲು ಕೇಳಬೇಕಾದದ್ದೊಂದಿತ್ತು. "ಅವನಿಗೆ ಏನು ಕೊಟ್ರಿ?"

ನಗು ನಿಂತಿತು.

"ದುಡ್ಡೆಲ್ಲಿ ತರ್ಲಿ ಮೇಡಂ? ಸೀಟಾಗೋ ಗಂಟ ಬಿಂದೂದು ಡಿಗ್ರಿ ಒರಿಜಿನಲ್ ಮಾರ್ಕ್ಸ್‌ಕಾರ್ಡು ಇಟ್ಕಂಡಿರ್ತೀನಿ ಅಂದ. ಟ್ರಂಕಿಂದ ಎತ್ತಿ ಕೊಟ್ಬುಟ್ಟೆ. ಅವ್ಳಿಗೆ ಗೊತ್ತಿಲ್ಲ. ಫೈಲಲ್ಲಿರಾವು ಜೆರಾಕ್ಸು."

ಸುನೀತಾ ನಿಂಗರಾಜುವಿಗೆ ಫೋನು ಮಾಡಿದಳು. ಜೀಪು ಹತ್ತಿಸುವ ಮೊದಲೇ ಅವನು ತಪಾಸಣೆ ಮಾಡಿದ್ದ; ಕೃಷ್ಣಕುಮಾರನ ಮೈಮೇಲೆ, ಚೀಲದಲ್ಲಿ, ಬೈಕಿನ ಡಿಕ್ಕಿಯಲ್ಲಿ ಒಂದು ಕಾಗದವೂ ಇರಲಿಲ್ಲ. ಕೇಳಿದರೆ ಸುಮ್ಮನೆ ನಗುತ್ತಿದ್ದಾನಂತೆ.

ಅಷ್ಟರಲ್ಲಿ ಮೇಲಿನ ಮೈಕಿನಿಂದ ಬಿಂದುಶ್ರೀಯ ದನಿ ಸ್ಪಷ್ಟವಾಗಿ ಇಳಿದು ಬಂತು.

"ಎಲ್ಲರಿಗೂ ನಮಸ್ಕಾರ. ನಾನು ಈ ಕೋಚಿಂಗ್ ಸೆಂಟರಿನ ವಿದ್ಯಾರ್ಥಿನಿ ಅಲ್ಲ. ಒಂದು ದಿನವೂ ಇಲ್ಲಿಗೆ ಬಂದವಳಲ್ಲ. ಓದಿದ್ದು ಕಾಲೇಜಿನ ಲೈಬ್ರರಿಯಲ್ಲಿ, ಕವಲಂದೆ ಬಸ್ಸಿನಲ್ಲಿ, ನಮ್ಮನೆ ಜಗಲಿಯಲ್ಲಿ. ಬರೆದದ್ದು ನಾನು. ಇನ್ನೂರಾ ನಲವತ್ತೊಂದು ನನ್ನದು."

ಚಪ್ಪಾಳೆಗೆ ಚಾವಣಿ ಅದುರಿತು. ಸುನೀತಾ ಮೆಟ್ಟಿಲು ಹಾರಿ ಹಾರಿ ಹತ್ತಿದಳು. ಅವಳ ಹಿಂದೆ ರಾಜೇಂದ್ರ, ಅವನ ಹಿಂದೆ ಸೆರಗು ಸಿಕ್ಕಿಸಿಕೊಂಡು ಮಹದೇವಮ್ಮ.

ವೇದಿಕೆಯ ಮೇಲೆ ಸೋಮಶೇಖರ್ ಗರಿಗರಿ ಬಿಳಿ ಅಂಗಿಯಲ್ಲಿ ನಿಂತು, ಎಲ್ಲರ ಜೊತೆಗೆ ತಾನೂ ಚಪ್ಪಾಳೆ ತಟ್ಟುತ್ತಿದ್ದ. ಸದ್ದು ಅಡಗುವವರೆಗೆ ಕಾದ. ಆಮೇಲೆ ಮೇಜಿನ ಬಟ್ಟೆಯ ಅಡಿಯಿಂದ ಒಂದು ಹಸಿರು ಫೈಲು ತೆಗೆದು, ಸಭೆಗೆ ಕಾಣುವಂತೆ ಎತ್ತಿ ಹಿಡಿದ.

"ಬಹಳ ಚೆನ್ನಾಗಿ ಮಾತಾಡಿದೆ ಮಗಳೇ. ಸಭೆಯವರಿಗೆ ಒಂದೇ ಒಂದು ಅನುಮಾನ ಉಳಿಯುತ್ತೆ, ಅದನ್ನೂ ನೀನೇ ಬಗೆಹರಿಸು. ನಮ್ಮಲ್ಲಿಗೆ ಒಂದು ದಿನವೂ ಬಾರದ ಹುಡುಗಿಯ ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳು ನಮ್ಮ ಬೀರುವಿಗೆ ಹೇಗೆ ಬಂದವು? ಓದೋಕೆ ಅಲ್ಲದಿದ್ದರೆ, ಇನ್ಯಾತಕ್ಕೆ ತಂದುಕೊಟ್ಟರು? ಯಾರು ತಂದುಕೊಟ್ಟರು?"

ಬಿಂದುಶ್ರೀ ಫೈಲಿನ ಮೇಲಿದ್ದ ತನ್ನ ಹೆಸರನ್ನು ನೋಡಿದಳು. ಮುಖದ ಬಣ್ಣ ಇಳಿಯಿತು. ಅವಳ ಕಣ್ಣು ಸಭೆಯಲ್ಲಿ ಸುನೀತಾಳನ್ನು ಹುಡುಕಿತು.

ಕೃಷ್ಣಕುಮಾರ್ ನಗುತ್ತಿದ್ದದ್ದು ಯಾಕೆಂದು ಸುನೀತಾಳಿಗೆ ಈಗ ಹೊಳೆಯಿತು: ಕಾರ್ಡುಗಳನ್ನು ಅವನು ಮೊದಲೇ ಸೋಮಶೇಖರನಿಗೆ ದಾಟಿಸಿದ್ದ. ‘ನಾನು ಇವರ ವಿದ್ಯಾರ್ಥಿನಿ’ ಎಂದು ಬಿಂದುಶ್ರೀ ಒಪ್ಪಿದರೆ ಫೈಲು ಕೈಗೆ ಬರುತ್ತದೆ, ಗೆಲುವು ಸೋಮಶೇಖರನದಾಗುತ್ತದೆ. ನಿಜ ಹೊರಬಿದ್ದರೆ, ಮಾರ್ಕ್ಸು ಕೊಳ್ಳಲು ಅಪ್ಪನೇ ಹೋಗಿದ್ದ ಎಂಬ ಮಾತು ಸೋಮವಾರಕ್ಕೆ ಮೊದಲೇ ಬೆಂಗಳೂರು ಮುಟ್ಟುತ್ತದೆ.

ಏನೂ ಹೇಳಬೇಡ ಎಂದು ಸುನೀತಾ ವೇದಿಕೆಯ ಕಡೆ ಕೈ ಅಲ್ಲಾಡಿಸಿದಳು. ಪಕ್ಕದಲ್ಲಿ ಮಹದೇವಮ್ಮ ಗಂಡನ ಅಂಗಿ ಹಿಡಿದು ಜಗ್ಗುತ್ತಿದ್ದಳು. ರಾಜೇಂದ್ರ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ.

"ಅವ್ಳನ್ನ ಕೇಳ್ಬ್ಯಾಡಿ ಸಾ," ಎಂದ ಅವನು. ಊರಿಗೆಲ್ಲ ಕೇಳುವ ಆ ಹಳೆಯ ದನಿ ಎಷ್ಟೋ ದಿನದ ಮೇಲೆ ಮತ್ತೆ ಬಂದಿತ್ತು. "ಅದ್ನ ನಾನ್ ಯೋಳ್ತೀನಿ."

ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ರಾಜೇಂದ್ರ ಕುರ್ಚಿಗಳ ನಡುವಿನ ದಾರಿಯಲ್ಲಿ, ಮಗಳನ್ನೇ ನೋಡುತ್ತ, ವೇದಿಕೆಯ ಕಡೆಗೆ ನಡೆಯತೊಡಗಿದ.